ಕೂಡಿಟ್ಟದ್ದು ಬೇಕೆಂದಾಗ ಸಿಗಬೇಕಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂತರ್ಜಾಲದಲ್ಲಿ ಕಂಡ ಲೇಖನ, ಚಿತ್ರ, ವಿಡಿಯೊಗಳನ್ನು ಕೂಡಿಟ್ಟುಕೊಂಡು ಮುಂದೆ ಅವನ್ನು ಕೆಲಸಕ್ಕೆ ಒದಗಿಸಿಕೊಳ್ಳುವ ಬಗೆಯನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಸ್ಥಳದ ಮಿತಿಯಿಂದಾಗಿ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಾಠಕ್ಕೆ ಒದಗಬಹುದೆನಿಸಿದ ಲೇಖನ, ಗಮಕದ ವಿಡಿಯೊ, ಚಿತ್ರಗಳಲ್ಲಿ ಕೆಲವನ್ನು ವಾಟ್ಸ್‌ಆ್ಯಪ್‌ನಲ್ಲಿ ನನಗೇ ಕಳಿಸಿಕೊಳ್ಳುತ್ತೇನೆ, ಕೆಲವನ್ನು ಫೇಸ್‌ಬುಕ್‌ನಲ್ಲಿ ಸೇವ್ ಮಾಡುತ್ತೇನೆ, ಇನ್ನು ಕೆಲವು ಕ್ರೋಮ್‌ನ ಬುಕ್‌ಮಾರ್ಕ್‌ಗಳಲ್ಲಿವೆ. ತರಗತಿಯ ಹಿಂದಿನ ರಾತ್ರಿ ಹುಡುಕಿದರೆ ಬೇಕಾದದ್ದು ಸಿಗುವುದೇ ಇಲ್ಲ. ಒಳ್ಳೆಯ ಆ್ಯಪ್ ಯಾವುದೆಂದು ತಿಳಿಸಬೇಕು.
— ಶಿಕ್ಷಕಿ, ಹಾವೇರಿ

ಉತ್ತರ: ಆ್ಯಪ್‌ನ ಹೆಸರನ್ನು ಈ ಉತ್ತರದ ಕೊನೆಗೆ ಹೇಳುತ್ತೇನೆ. ಏಕೆಂದರೆ, ಮೂರು ಕಡೆ ಚದುರಿರುವುದನ್ನೆಲ್ಲ ಒಂದೇ ಕಡೆಗೆ ತಂದು ಸುರಿದರೂ ನಿಮ್ಮ ತೊಂದರೆ ಅಷ್ಟೇನೂ ತಗ್ಗುವುದಿಲ್ಲ. ಒಂದು ವಿಡಿಯೊ ಅಥವಾ ಲೇಖನವನ್ನು ಉಳಿಸಿಕೊಳ್ಳುವ ಗಳಿಗೆಯಲ್ಲಿ ಅದು ನಿಮಗೆ ಏಕೆ ಬೇಕೆನಿಸಿತು ಎಂಬುದು ನಿಮ್ಮ ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಅದು ಎಲ್ಲಿಯೂ ಬರಹಕ್ಕೆ ಇಳಿಯುವುದಿಲ್ಲ, ಕೊಂಡಿಯ ಜೊತೆಗೆ ಉಳಿಯುವುದು ಬೇರೆ ಯಾರೋ ಇಟ್ಟ ಶೀರ್ಷಿಕೆ ಮಾತ್ರ. ಕುಮಾರವ್ಯಾಸನ ಪದ್ಯವೊಂದರ ವಾಚನದ ವಿಡಿಯೊವನ್ನು ನೀವು ಉಳಿಸಿದ್ದೀರಿ ಎಂದುಕೊಳ್ಳೋಣ. ಅದರ ಶೀರ್ಷಿಕೆಯಲ್ಲಿ ಗಮಕಿಗಳ ಹೆಸರು, ಸಮಾರಂಭದ ಹೆಸರು, ದಿನಾಂಕ ಇರಬಹುದು. ನೀವು ಹುಡುಕುವುದಾದರೋ ‘ಭಾಮಿನಿ ಷಟ್ಪದಿ’ ಎಂದು, ಮತ್ತು ಆ ಶೀರ್ಷಿಕೆಯಲ್ಲಿ ಆ ಮಾತೇ ಇರುವುದಿಲ್ಲ. ಅದರ ಬದಲು ಉಳಿಸುವಾಗಲೇ, ‘ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ನಡೆಯನ್ನು ಮಕ್ಕಳಿಗೆ ಕೇಳಿಸಲು, ಮೂರನೆಯ ನಿಮಿಷದಿಂದ’ ಎಂದು ಒಂದು ಸಾಲು ಬರೆದಿದ್ದರೆ ಹುಡುಕಾಟವೂ ಸುಲಭ, ತರಗತಿಯಲ್ಲಿ ಎಲ್ಲಿಂದ ಕೇಳಿಸಬೇಕೆಂಬ ಗೊಂದಲವೂ ಇಲ್ಲ. ಈ ಒಂದು ಸಾಲನ್ನು ಬರೆಯಲು ಮನಸ್ಸಾಗದಿದ್ದರೆ ಆ ವಸ್ತುವನ್ನು ಉಳಿಸುವ ಅಗತ್ಯವೇ ಇಲ್ಲವೆಂದು ತಿಳಿಯಬಹುದು. ಈ ವಿಷಯದಲ್ಲಿ ನಾನು ಕೊಡಬಲ್ಲ ಸಲಹೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಎರಡನೆಯದು ವಿಂಗಡಣೆ. ಕಡತಗಳಂತೆ ಫೋಲ್ಡರ್ ಮಾಡಿ ಇಡುವುದು ನಮಗೆಲ್ಲ ರೂಢಿ. ಆದರೆ ಬೇಲೂರಿನ ಶಿಲ್ಪಗಳನ್ನು ಕುರಿತ ಒಂದು ಬರಹವನ್ನು ‘ಹೊಯ್ಸಳರು’ ಎಂಬಲ್ಲಿ ಇಡಬೇಕೋ, ‘ಶಿಲ್ಪಕಲೆ’ ಎಂಬಲ್ಲಿ ಇಡಬೇಕೋ, ಮಕ್ಕಳ ಶೈಕ್ಷಣಿಕ ಪ್ರವಾಸದ ಫೋಲ್ಡರಿನಲ್ಲಿ ಇಡಬೇಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಲೇಬಲ್ ಅಥವಾ ಟ್ಯಾಗ್‌ಗಳ ಉಪಯೋಗ ಇರುವುದು ಇಲ್ಲಿಯೇ: ಒಂದೇ ವಸ್ತುವಿಗೆ ಮೂರು ನಾಲ್ಕು ಲೇಬಲ್ ಅಂಟಿಸಬಹುದು. ಗ್ರಂಥಾಲಯ ವಿಜ್ಞಾನದಲ್ಲಿ ಈ ಸಮಸ್ಯೆಯನ್ನು ಆಳವಾಗಿ ಯೋಚಿಸಿದವರು ಎಸ್. ಆರ್. ರಂಗನಾಥನ್. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ ಪದ್ಧತಿಯು ಒಂದು ವಿಷಯವನ್ನು ಒಂದೇ ಗೂಡಿಗೆ ತಳ್ಳದೆ ಅದರ ಹಲವು ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿತು. ಬೆಳೆಯುತ್ತಾ ಹೋದ ಆ ಪದ್ಧತಿಯಲ್ಲಿ ಅವರು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳನ್ನು ನಿರೂಪಿಸಿದರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅಷ್ಟು ಶಾಸ್ತ್ರೀಯವಾದ ಕ್ರಮ ನಿಮಗೆ ಬೇಕಿಲ್ಲ. ಆದರೆ ಅದರ ಹಿಂದಿನ ಯೋಚನೆ ಬಹಳ ಉಪಯುಕ್ತವಾದದ್ದು. ‘ಯಾವ ತರಗತಿಗೆ’, ‘ಯಾವ ಪಾಠ ಅಥವಾ ಕವಿಗೆ ಸಂಬಂಧಿಸಿದ್ದು’, ‘ಓದಿಸುವುದೋ ಕೇಳಿಸುವುದೋ ತೋರಿಸುವುದೋ’ ಎಂಬ ಮೂರು ಮುಖಗಳನ್ನು ಮಾತ್ರ ನಿಶ್ಚಯಿಸಿಕೊಂಡು, ಪ್ರತಿಯೊಂದು ವಸ್ತುವಿಗೂ ಪ್ರತಿ ಮುಖದಿಂದ ಒಂದೊಂದು ಲೇಬಲ್ ಕೊಡಿ. ಹಾಗೆ ಮಾಡಿದರೆ ‘ಒಂಬತ್ತನೆಯ ತರಗತಿ, ವಚನ, ಕೇಳಿಸುವುದು’ ಎಂದು ಕೂಡಿಸಿ ಕೇಳಿದಾಗ ಬೇಕಾದ ನಾಲ್ಕೈದು ಮಾತ್ರ ಎದುರಿಗೆ ಬರುತ್ತವೆ. ‘ಉತ್ತಮ’, ‘ಉಪಯುಕ್ತ’, ‘ಮುಂದೆ ನೋಡುವುದು’ ಎಂಬಂಥ ಲೇಬಲ್‌ಗಳನ್ನು ಮಾಡಬೇಡಿ. ಅವು ಎಲ್ಲಕ್ಕೂ ಅಂಟಿಕೊಂಡು ಯಾವುದನ್ನೂ ಬೇರ್ಪಡಿಸುವುದಿಲ್ಲ.

ಇನ್ನು ಆ್ಯಪ್. ವಾಟ್ಸ್‌ಆ್ಯಪ್ 2022ರಲ್ಲಿ ತಂದ, ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯವನ್ನು ನೀವು ಬಿಡಬೇಕಾಗಿಲ್ಲ. ಸಿಕ್ಕಿದ್ದನ್ನು ತಕ್ಷಣ ಹಾಕಿಡಲು ಅದು ಅನುಕೂಲವೇ. ಆದರೆ ವಾರಕ್ಕೊಮ್ಮೆ, ಭಾನುವಾರದ ಅರ್ಧ ಗಂಟೆಯನ್ನು ಮೀಸಲಿಟ್ಟು, ಅಲ್ಲಿ ಸೇರಿರುವುದನ್ನು ಒಂದೊಂದಾಗಿ ತೆರೆದು ನೋಡಿ, ಬೇಡವಾದದ್ದನ್ನು ಅಳಿಸಿ, ಬೇಕಾದದ್ದಕ್ಕೆ ಸಾಲು ಮತ್ತು ಲೇಬಲ್ ಸೇರಿಸಿ ಶಾಶ್ವತ ಸ್ಥಳಕ್ಕೆ ಸಾಗಿಸಬೇಕು. ನೀವು ಮುಖ್ಯವಾಗಿ ಫೋನ್ ಬಳಸುವವರಾದ್ದರಿಂದ ಆ ಶಾಶ್ವತ ಸ್ಥಳವಾಗಿ ಗೂಗಲ್ ಕೀಪ್ ಸಾಕಾಗುತ್ತದೆ. ಫೋನಿನ ‘ಶೇರ್’ ಗುಂಡಿಯಿಂದಲೇ ಕೊಂಡಿಯನ್ನು ಅದಕ್ಕೆ ಕಳಿಸಿ, ಕೆಳಗೆ ಟಿಪ್ಪಣಿ ಬರೆದು, ಲೇಬಲ್ ಕೊಡಬಹುದು. ಕೊಂಡಿಗಳ ಸಂಖ್ಯೆ ನೂರಾರಾದರೆ, ಬುಕ್‌ಮಾರ್ಕ್‌ಗಳಿಗೆಂದೇ ರೂಪಿಸಿರುವ ರೇನ್‌ಡ್ರಾಪ್ ಹೆಚ್ಚು ಹೊಂದುತ್ತದೆ. ಎರಡನ್ನೂ ಒಟ್ಟಿಗೆ ಆರಂಭಿಸಬೇಡಿ. ಹಳೆಯದನ್ನೆಲ್ಲ ಸರಿಪಡಿಸಿ ಮುಗಿಸಿದ ಮೇಲೆ ಹೊಸ ಕ್ರಮ ಹಿಡಿಯುತ್ತೇನೆ ಎಂದೂ ಕಾಯಬೇಡಿ. ಇಂದು ಸಿಕ್ಕಿದ್ದರಿಂದ ಶುರುಮಾಡಿ, ಹಳೆಯದು ಬೇಕಾದ ಹಾಗೆಲ್ಲ ತಾನಾಗಿ ಸೇರಿಕೊಳ್ಳುತ್ತದೆ.

ಪ್ರಶ್ನೆ: ಕೆಳದಿ ಅರಸರ ಕಾಲದ ಕೆರೆಗಳು ಮತ್ತು ನೀರಾವರಿಯನ್ನು ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಕನ್ನಡದ ಪಿಡಿಎಫ್‌ಗಳು, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು, ನಾನೇ ಟೈಪ್ ಮಾಡಿದ ಟಿಪ್ಪಣಿಗಳು ಸಾಕಷ್ಟಿವೆ. ಕಣ್ಣೆದುರೇ ಇರುವ ಪದವನ್ನು ಹುಡುಕಿದರೂ ‘ಸಿಗಲಿಲ್ಲ’ ಎಂದೇ ಬರುತ್ತದೆ. ಇಂಗ್ಲಿಷ್ ಕಡತಗಳಲ್ಲಿ ಹೀಗಾಗುವುದಿಲ್ಲ. ಕಾರಣವೇನು?
— ಸಂಶೋಧನಾ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕನ್ನಡದಲ್ಲಿ ಅಧ್ಯಯನ ಮಾಡುವ ಪ್ರತಿಯೊಬ್ಬರೂ ಎದುರಿಸುವ ತೊಂದರೆ ಇದು. ಸಂಗ್ರಹದ ಉಪಕರಣಗಳನ್ನು ಕುರಿತು ಹೊರಗಿನವರು ಬರೆದ ಕೈಪಿಡಿಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕಾರಣ ಒಂದಲ್ಲ, ಹಲವು ಇವೆ.

ಮೊದಲನೆಯದು ಹಳೆಯ ಅಕ್ಷರಶೈಲಿಗಳು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಿಂದಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವು ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಒಳಗೆ ಶೇಖರವಾಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ನೀವು ಈಗ ಹುಡುಕುವುದು ಯೂನಿಕೋಡ್ ಕನ್ನಡದಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಈಗಿನ ಪದ್ಧತಿಯಲ್ಲಿ. ಕಣ್ಣಿಗೆ ಒಂದೇ ಆದ ಪದಗಳು ಕಂಪ್ಯೂಟರಿಗೆ ಬೇರೆ ಬೇರೆ. ಇಂಥ ಕಡತಗಳನ್ನು ಆಸ್ಕಿ ಎಂದು ಕರೆಯುವ ಆ ಹಳೆಯ ಸಂಕೇತಗಳಿಂದ ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ನಿಮ್ಮ ಸ್ವಂತ ಟಿಪ್ಪಣಿಗಳಲ್ಲಿ ಹಳೆಯ ಫಾಂಟಿನವು ಇದ್ದರೆ ಎಲ್ಲಕ್ಕಿಂತ ಮೊದಲು ಅವನ್ನು ಪರಿವರ್ತಿಸಿ, ಮೂಲ ಪ್ರತಿಯನ್ನು ಅಳಿಸದೆ ಪಕ್ಕದಲ್ಲಿ ಇಟ್ಟುಕೊಳ್ಳಿ.

ಎರಡನೆಯದು ಸ್ಕ್ಯಾನ್ ಪ್ರತಿಗಳು. ಇವು ಕೇವಲ ಪುಟಗಳ ಚಿತ್ರಗಳಾದ್ದರಿಂದ ಅವುಗಳಲ್ಲಿ ಹುಡುಕುವುದಕ್ಕೆ ಅಕ್ಷರಗಳೇ ಇರುವುದಿಲ್ಲ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದು ಚಿತ್ರದಲ್ಲಿರುವ ಕನ್ನಡವನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಮಸುಕಾದ ಅಚ್ಚಿನಲ್ಲಿ ಒತ್ತಕ್ಷರಗಳು ತಪ್ಪಾಗುತ್ತವೆ, ಅನುಸ್ವಾರದ ಬದಲು ಕನ್ನಡದ ಸೊನ್ನೆ ಬಂದು ಕೂರುವುದೂ ಉಂಟು. ಹಾಗಾಗಿ ಇಡೀ ಪುಸ್ತಕವನ್ನು ಹೀಗೆ ಮಾಡಿ ಅದರ ಮೇಲೆ ಭರವಸೆಯಿಡುವ ಬದಲು, ನಿಮಗೆ ಬೇಕಾದ ಪುಟಗಳನ್ನು ಮಾತ್ರ ಪಠ್ಯವಾಗಿಸಿಕೊಂಡು, ಮೂಲದ ಜೊತೆ ಒಮ್ಮೆ ಹೋಲಿಸಿ ತಿದ್ದಿಕೊಳ್ಳುವುದು ಸಂಶೋಧಕರಿಗೆ ಹೆಚ್ಚು ಸುರಕ್ಷಿತ. ಶಾಸನಪಾಠವನ್ನಂತೂ ತಿದ್ದದೆ ಎಂದಿಗೂ ಬಳಸಬೇಡಿ.

ಮೂರನೆಯದು ನಮ್ಮ ಭಾಷೆಯ ಸ್ವಭಾವದಿಂದಲೇ ಬಂದದ್ದು. ‘ಊರು’ ಎಂಬ ಪದ ವಾಕ್ಯದಲ್ಲಿ ‘ಊರಿನ’, ‘ಊರಿಗೆ’, ‘ಊರಲ್ಲಿ’ ಎಂದಾಗುತ್ತದೆ. ‘ಊರು’ ಎಂದು ಪೂರ್ತಿಯಾಗಿ ಟೈಪ್ ಮಾಡಿದರೆ ಇವು ಯಾವುವೂ ಸಿಗುವುದಿಲ್ಲ. ‘ಊರ’ ಎಂದು ಕೊನೆಯ ಸ್ವರವನ್ನು ಬಿಟ್ಟು ಹುಡುಕಿದರೆ, ಪದದ ಭಾಗವನ್ನೂ ಹುಡುಕಬಲ್ಲ ತಂತ್ರಾಂಶಗಳಲ್ಲಿ ಎಲ್ಲವೂ ಸಿಗುತ್ತವೆ. ರೂಪಭೇದಗಳೂ ಇವೆ: ಹಂಪೆ–ಹಂಪಿ, ಬಿದನೂರು–ಬಿದರೂರು–ನಗರ. ಜೊತೆಗೆ ‘ಫೇಸ್‌ಬುಕ್’ನಂಥ ಪದಗಳಲ್ಲಿ ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯನ್ನು ಸೇರಿಸಿರುತ್ತಾರೆ, ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಬರೆದರೆ ಹುಡುಕಾಟ ವಿಫಲವಾಗಬಹುದು.

ಇಷ್ಟೆಲ್ಲ ಅಡೆತಡೆಗಳಿರುವಾಗ ಕಡತದೊಳಗಿನ ಹುಡುಕಾಟವನ್ನೇ ನೆಚ್ಚಿಕೊಳ್ಳುವುದು ಕನ್ನಡದ ಸಂಶೋಧಕರಿಗೆ ಆಗದ ಮಾತು. ಆದ್ದರಿಂದ ನೀವೇ ಕೊಡುವ ಲೇಬಲ್ ಮತ್ತು ಟಿಪ್ಪಣಿಗಳಿಗೆ ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗಿಂತ ನಿಮ್ಮಲ್ಲಿ ಹೆಚ್ಚು ಬೆಲೆಯಿದೆ. ಆಕರಗಳನ್ನು ಕೂಡಿಟ್ಟು ನಿರ್ವಹಿಸುವ ಝೊಟೆರೊ ಎಂಬ ಉಚಿತ ತಂತ್ರಾಂಶವನ್ನು ನಿಮಗೆ ಯಾವ ಸಂಕೋಚವೂ ಇಲ್ಲದೆ ಸೂಚಿಸುತ್ತೇನೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರದಲ್ಲಿ 2006ರಲ್ಲಿ ಇದು ರೂಪುಗೊಂಡಿತು. ಇತಿಹಾಸಕಾರರ ನಡುವೆ ಹುಟ್ಟಿದ್ದರಿಂದಲೋ ಏನೋ, ಆಕರಗಳನ್ನು ಕುರಿತ ಎಚ್ಚರ ಅದರ ರಚನೆಯಲ್ಲಿಯೇ ಇದೆ. ಒಂದೇ ಆಕರವನ್ನು ನಕಲು ಮಾಡದೆಯೇ ‘ಕೆರೆಗಳು’, ‘ಇಕ್ಕೇರಿ’, ‘ಮೂರನೆಯ ಅಧ್ಯಾಯ’ ಎಂಬ ಮೂರು ಸಂಗ್ರಹಗಳಲ್ಲಿ ಇರಿಸಬಹುದು, ಟ್ಯಾಗ್ ಕೊಡಬಹುದು, ಪ್ರತಿ ಆಕರಕ್ಕೂ ಎಷ್ಟಾದರೂ ಟಿಪ್ಪಣಿ ಸೇರಿಸಬಹುದು. ಪ್ರಬಂಧ ಬರೆಯುವಾಗ ಅಡಿಟಿಪ್ಪಣಿಗಳನ್ನೂ ಅದೇ ಸಿದ್ಧಮಾಡಿಕೊಡುತ್ತದೆ. ಕಡತಗಳನ್ನು ಅದರ ಸರ್ವರ್‌ನಲ್ಲಿ ಇಡಲು ಉಚಿತವಾಗಿ ದೊರೆಯುವ ಜಾಗ 300 ಎಂಬಿ ಮಾತ್ರ. ಸ್ಕ್ಯಾನ್ ಪುಸ್ತಕಗಳಿಗೆ ಅದು ಏನೇನೂ ಸಾಲದು; ಅವನ್ನು ಲ್ಯಾಪ್‌ಟಾಪಿನಲ್ಲಿಯೇ ಇಟ್ಟು ಕೊಂಡಿ ಮಾತ್ರ ಕೊಡಿ.

ನಿಮ್ಮ ವಿಷಯಕ್ಕೇ ಸಂಬಂಧಿಸಿದ ಒಂದು ಮಾತು. ಶಾಸನವೊಂದನ್ನು ನಮೂದಿಸುವಾಗ ಸಂಪುಟ, ತಾಲ್ಲೂಕು, ಸಂಖ್ಯೆ ಮೂರನ್ನೂ ಟಿಪ್ಪಣಿಯ ಮೊದಲ ಸಾಲಿನಲ್ಲಿ ಒಂದೇ ಕ್ರಮದಲ್ಲಿ ಬರೆಯುವ ನಿಯಮ ಇಟ್ಟುಕೊಳ್ಳಿ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳು 7 ಮತ್ತು 8ನೆಯ ಸಂಪುಟಗಳಲ್ಲಿ ಹಂಚಿಹೋಗಿವೆ, ಸಾಗರ, ಸೊರಬಗಳು 8ರಲ್ಲಿವೆ, ಶಿಕಾರಿಪುರ 7ರಲ್ಲಿದೆ. ಸಂಪುಟವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಬರೆದಿಟ್ಟರೆ ಎರಡು ವರ್ಷಗಳ ನಂತರ ಅದು ನಿಮಗೇ ಅರ್ಥವಾಗುವುದಿಲ್ಲ. ಊರ ಹೆಸರಿಗೆ ಒಂದೇ ರೂಪವನ್ನು ಆಯ್ದು ಟ್ಯಾಗ್ ಮಾಡಿ, ಉಳಿದ ರೂಪಗಳನ್ನು ಟಿಪ್ಪಣಿಯಲ್ಲಿ ಬರೆಯಿರಿ. ಇಂಗ್ಲಿಷ್ ಲೇಖನಗಳಿಗೂ ಕನ್ನಡದಲ್ಲಿಯೇ ಟ್ಯಾಗ್ ಕೊಟ್ಟರೆ ಎರಡೂ ಭಾಷೆಯ ಆಕರಗಳು ಒಂದೇ ಹುಡುಕಾಟಕ್ಕೆ ಒದಗುತ್ತವೆ.

ಪ್ರಶ್ನೆ: ಪಾಕೆಟ್ ಎಂಬ ತಾಣದಲ್ಲಿ ಹಲವು ವರ್ಷ ಲೇಖನಗಳನ್ನು ಉಳಿಸಿಕೊಂಡು ಬಂದಿದ್ದೆ. ಅದು ಮುಚ್ಚಿಹೋಯಿತು. ಇನ್ನು ಮುಂದೆ ಯಾವುದನ್ನು ನಂಬುವುದು?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ವರ್ಷಗಟ್ಟಲೆ ಆಯ್ದು ಇಟ್ಟದ್ದು ಬರಿಯ ಕೊಂಡಿಗಳ ಪಟ್ಟಿಯಲ್ಲ, ಅದರಲ್ಲಿ ಓದುಗನ ಅಭಿರುಚಿಯೇ ಇರುತ್ತದೆ. 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂಬ ಹೆಸರಿನಿಂದ ಆರಂಭವಾದ ಪಾಕೆಟ್ 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಕೈಸೇರಿ, 2025ರ ಜುಲೈ 8ರಂದು ನಿಂತಿತು. ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ, ಸಾಮಾಜಿಕ ಜಾಲತಾಣಗಳ ಬರಹಗಳನ್ನು ಜೋಡಿಸಿಡಲು ಬಳಸುತ್ತಿದ್ದ ಸ್ಟೋರಿಫೈ 2018ರ ಮೇ ತಿಂಗಳಲ್ಲಿ ಇದೇ ರೀತಿ ಮುಚ್ಚಿದವು. 2003ರಲ್ಲಿ ಆರಂಭವಾಗಿ ಟ್ಯಾಗ್ ಮಾಡುವ ಅಭ್ಯಾಸವನ್ನು ಜಗತ್ತಿಗೆ ಕಲಿಸಿದ ಬುಕ್‌ಮಾರ್ಕ್ ತಾಣ ಡಿಲಿಷಿಯಸ್ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿ, 2017ರಲ್ಲಿ ಅದನ್ನು ಕೊಂಡದ್ದು ಅದರ ಪ್ರತಿಸ್ಪರ್ಧಿಯಾಗಿದ್ದ ಪಿನ್‌ಬೋರ್ಡ್. ದೊಡ್ಡ ಸಂಸ್ಥೆಯದು ಉಳಿಯುತ್ತದೆ, ಸಣ್ಣದು ಅಳಿಯುತ್ತದೆ ಎಂದು ಹೇಳುವಂತೆಯೂ ಇಲ್ಲ.

ಹೀಗಾಗಿ ನಂಬಿಕೆಗಿಂತ ‘ಹೊರತೆಗೆಯುವ ಅನುಕೂಲ ಇದೆಯೇ’ ಎಂಬ ಪರೀಕ್ಷೆಯನ್ನು ಮೊದಲು ಮಾಡಿ. ಯಾವ ಸೇವೆಗೆ ಸೇರಿದರೂ ಮೊದಲ ದಿನವೇ ನಾಲ್ಕು ಕೊಂಡಿಗಳನ್ನು ಹಾಕಿ, ಅದರ ‘ಎಕ್ಸ್‌ಪೋರ್ಟ್’ ಸೌಲಭ್ಯದಿಂದ ಹೊರತೆಗೆದು ನೋಡಿ. ಎಚ್‌ಟಿಎಂಎಲ್ ಅಥವಾ ಸಿಎಸ್‌ವಿಯಂಥ, ಬೇರೆ ತಂತ್ರಾಂಶಗಳೂ ತೆರೆಯಬಲ್ಲ ಕಡತ ಬಂದರೆ, ನಿಮ್ಮ ಟಿಪ್ಪಣಿ ಮತ್ತು ಲೇಬಲ್‌ಗಳೂ ಅದರಲ್ಲಿದ್ದರೆ, ಆ ಸೇವೆಯನ್ನು ಬಳಸಬಹುದು. ಮೂರು ತಿಂಗಳಿಗೊಮ್ಮೆ ಆ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಂದು, ಇಮೇಲ್ ಅಥವಾ ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ. ಬ್ಯಾಂಕಿನಲ್ಲಿ ಇದ್ದವರಿಗೆ ಈ ಶಿಸ್ತನ್ನು ನಾನು ಹೇಳಿಕೊಡಬೇಕಾಗಿಲ್ಲ.

ಸೇವೆ ಉಳಿದರೂ ಅದರಲ್ಲಿರುವ ಕೊಂಡಿ ಸಾಯಬಹುದೆಂಬುದು ಇನ್ನೊಂದು ಮಾತು. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷಗಳ ನಂತರ ತೆರೆದುಕೊಳ್ಳುತ್ತಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಪತ್ರಿಕೆಗಳು ತಮ್ಮ ತಾಣವನ್ನು ನವೀಕರಿಸಿದಾಗ ಹಳೆಯ ವಿಳಾಸಗಳು ಕೈಕೊಡುತ್ತವೆ. ನಿಮಗೆ ನಿಜವಾಗಿ ಬೇಕಾದ ಲೇಖನವನ್ನು, ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ‘ಸೇವ್ ಪೇಜ್ ನೌ’ ಎಂಬಲ್ಲಿ ವಿಳಾಸ ಕೊಟ್ಟು ದಾಖಲಿಸಿ, ಆ ಎರಡನೆಯ ವಿಳಾಸವನ್ನೂ ಟಿಪ್ಪಣಿಯಲ್ಲಿ ಬರೆದಿಡಿ. ನಿಮ್ಮ ಓದಿಗಾಗಿ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿಯೂ ಇಡಬಹುದು. ಪಿಡಿಎಫ್ ಮಾಡಿದಾಗ ಕನ್ನಡ ಪಠ್ಯ ಕೆಲವೊಮ್ಮೆ ಒಳಗೆ ಚಲ್ಲಾಪಿಲ್ಲಿಯಾಗುವುದರಿಂದ, ಬ್ರೌಸರ್‌ನ ‘ಸೇವ್ ಆ್ಯಸ್’ ಮೂಲಕ ಪುಟವನ್ನೇ ಉಳಿಸುವುದು ಮೇಲು.

ಪ್ರಶ್ನೆ: ಈಗ ಕೃತಕ ಬುದ್ಧಿಮತ್ತೆಯೇ ಎಲ್ಲವನ್ನೂ ಹುಡುಕಿ, ಸಾರಾಂಶ ಬರೆದು ಕೊಡುತ್ತಿರುವಾಗ ನಾವೇಕೆ ಸಂಗ್ರಹಿಸಬೇಕು?
— ಪದವಿ ವಿದ್ಯಾರ್ಥಿ, ಉಡುಪಿ

ಉತ್ತರ: ಅದು ಹುಡುಕಿಕೊಡುವುದು ನೀವು ಕೇಳಿದ್ದನ್ನು. ಏನನ್ನು ಕೇಳಬೇಕೆಂಬುದು ಹೊಳೆಯುವುದು, ಬೇರೆ ಬೇರೆ ಕಾಲದಲ್ಲಿ ಆಯ್ದ ಎರಡು ವಿಷಯಗಳು ನಿಮ್ಮ ಸಂಗ್ರಹದಲ್ಲಿ ಅಕ್ಕಪಕ್ಕ ಬಂದಾಗ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂನಂಥ ಉಪಕರಣಗಳು ನೀವೇ ಕೊಟ್ಟ ಆಕರಗಳನ್ನು ಓದಿ, ಉತ್ತರದ ಜೊತೆಗೆ ಅದು ಯಾವ ಆಕರದಿಂದ ಬಂದಿತೆಂದು ತೋರಿಸುತ್ತವೆ. ಅವುಗಳನ್ನು ಬಳಸಿ, ಆದರೆ ತೋರಿಸಿದ ಆಕರವನ್ನು ತೆರೆದು ನೋಡದೆ ಯಾವ ವಾಕ್ಯವನ್ನೂ ನಿಮ್ಮ ಬರಹಕ್ಕೆ ಇಳಿಸಬೇಡಿ. ನೀವು ಆಯ್ದುಕೊಟ್ಟ ಆಕರಗಳು ಎಷ್ಟು ಒಳ್ಳೆಯವೋ ಅದರ ಉತ್ತರವೂ ಅಷ್ಟೇ ಒಳ್ಳೆಯದು.

ಪ್ರಶ್ನೆ: ನಾನು ಮನೆಯಲ್ಲಿಯೇ ಕಸೂತಿ ಮಾಡಿ ಮಾರುತ್ತೇನೆ. ಚಿತ್ರಗಳನ್ನು ಕೂಡಿಡುವ ತಾಣವಾದ ಪಿಂಟರೆಸ್ಟ್‌ನಲ್ಲಿ ‘ಕಸೂತಿ’ ಎಂದು ಒಂದೇ ಬೋರ್ಡ್ ಮಾಡಿ ಸಿಕ್ಕ ಚಿತ್ರಗಳನ್ನೆಲ್ಲ ಹಾಕಿದ್ದೇನೆ. ನೋಡಲು ಚೆಂದ, ಆದರೆ ಕೆಲಸಕ್ಕೆ ಕೂತಾಗ ಒಂದೂ ನೆರವಾಗುವುದಿಲ್ಲ. ಬೇರೆಯವರ ವಿನ್ಯಾಸಗಳನ್ನು ಹೀಗೆ ಉಳಿಸಿಕೊಂಡು ಬಳಸಬಹುದೇ ಎಂಬ ಅಳುಕೂ ಇದೆ.
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕಲೆಯ ಸ್ವರೂಪದಲ್ಲಿಯೇ ಇದಕ್ಕೆ ಉತ್ತರವಿದೆ. ಕಸೂತಿಯನ್ನು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹಾಕುವುದಿಲ್ಲ, ನೂಲಿನ ಎಳೆಗಳನ್ನು ಎಣಿಸಿ ಹಾಕುತ್ತಾರೆ. ಹಾಗಾಗಿ ಎಳೆ ಎಣಿಸಲಾಗದಷ್ಟು ದೂರದಿಂದ ತೆಗೆದ ಸೀರೆಯ ಫೋಟೊ, ಅದು ಎಷ್ಟೇ ಸುಂದರವಾಗಿರಲಿ, ಕೆಲಸದ ಸಂಗ್ರಹಕ್ಕೆ ಸೇರಬೇಕಾದದ್ದಲ್ಲ. ಮನಸ್ಸಿಗೆ ಹಿಡಿಸಿದ ನಮೂನೆಯನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಎಣಿಸಿ ಬಿಡಿಸಿ, ಆ ಹಾಳೆಯ ಫೋಟೊ ತೆಗೆದು ಮೂಲ ಚಿತ್ರದ ಪಕ್ಕದಲ್ಲಿ ಪಿನ್ ಮಾಡಿ. ಹತ್ತು ಗ್ರಾಫ್‌ಗಳಿರುವ ಬೋರ್ಡು ನೂರಾರು ಫೋಟೊಗಳ ಬೋರ್ಡಿಗಿಂತ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬೋರ್ಡನ್ನು ಬಣ್ಣದ ಪ್ರಕಾರ ವಿಂಗಡಿಸುವ ರೂಢಿ ಹಲವರಲ್ಲಿದೆ. ಬಣ್ಣ ಬದಲಾಯಿಸುವುದು ಸುಲಭವಾದ್ದರಿಂದ ಅದು ಅಷ್ಟೇನೂ ಪ್ರಯೋಜನವಿಲ್ಲದ ಕ್ರಮ. ಹೊಲಿಗೆಯ ಪ್ರಕಾರ ವಿಂಗಡಿಸಿ: ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಬೋರ್ಡಿನೊಳಗೆ ನಾಲ್ಕು ವಿಭಾಗಗಳನ್ನು ಮಾಡಬಹುದು. ಗಾವಂತಿ ಮತ್ತು ಮುರ್ಗಿ ಎರಡೂ ಬದಿಗೆ ಒಂದೇ ರೀತಿ ಕಾಣುವ ಹೊಲಿಗೆಗಳಾದ್ದರಿಂದ ಸೆರಗಿಗೆ, ಸ್ಟೋಲಿಗೆ ಹೊಂದುವ ನಮೂನೆಗಳು ಒಂದೆಡೆ ದೊರೆಯುತ್ತವೆ. ಆಕೃತಿಯನ್ನು, ಅಂದರೆ ಗೋಪುರ, ರಥ, ತುಳಸಿ ವೃಂದಾವನ, ಅಂಬಾರಿಯ ಆನೆ, ನವಿಲು ಎಂಬುದನ್ನು ಪಿನ್‌ನ ಕೆಳಗಿನ ಟಿಪ್ಪಣಿಯಲ್ಲಿ ಬರೆಯಿರಿ. ಅಗಲಕ್ಕೆ ಎಷ್ಟು ಎಳೆ ಬೇಕೆಂಬುದನ್ನೂ ಅಲ್ಲಿಯೇ ಸೇರಿಸಿ. ಪಿಂಟರೆಸ್ಟ್ ನೀವು ನೋಡಿದ್ದರಂತೆಯೇ ಇರುವುದನ್ನು ಮತ್ತೆ ಮತ್ತೆ ಮುಂದಿಡುತ್ತದೆಂಬುದನ್ನು ಮರೆಯಬೇಡಿ. ಹಳೆಯ ಇಳಕಲ್ ಸೀರೆಯೋ ಚಂದ್ರಕಾಳಿ ಸೀರೆಯೋ ನಿಮ್ಮ ಅಥವಾ ನೆಂಟರ ಮನೆಯ ಪೆಟ್ಟಿಗೆಯಲ್ಲಿದ್ದರೆ ಅದರ ಮೇಲಿನ ಕೆಲಸವನ್ನು ಹತ್ತಿರದಿಂದ ಫೋಟೊ ತೆಗೆದು, ಯಾರು, ಯಾವ ಊರಿನಲ್ಲಿ ಹಾಕಿದ್ದೆಂದು ಹಿರಿಯರನ್ನು ಕೇಳಿ ಬರೆದಿಡಿ. ಅಂಥದ್ದು ಅಂತರ್ಜಾಲದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಿಮ್ಮ ಅಳುಕಿನ ಬಗ್ಗೆ. ಪರಂಪರೆಯಿಂದ ಬಂದ ಗೋಪುರ, ರಥಗಳ ನಮೂನೆಗಳು ಎಲ್ಲ ಕಸೂತಿಗಾರರ ಸೊತ್ತು. ಅವನ್ನು ಬಳಸಲು ಹಿಂಜರಿಯಬೇಕಾಗಿಲ್ಲ. ಇಂದಿನ ಕಲಾವಿದರೊಬ್ಬರು ತಾವೇ ಕಲ್ಪಿಸಿ ಬಿಡಿಸಿದ ವಿನ್ಯಾಸದ ಮಾತು ಬೇರೆ. ಅದನ್ನು ಸ್ವಂತ ಕಲಿಕೆಗಾಗಿ ಉಳಿಸಿ ಅಭ್ಯಾಸ ಮಾಡಬಹುದು, ಆದರೆ ಅದೇ ವಿನ್ಯಾಸವನ್ನು ಹಾಕಿ ಮಾರುವ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಪಿಂಟರೆಸ್ಟ್‌ನಲ್ಲಿ ಚಿತ್ರಗಳು ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಮೂಲದವರ ಹೆಸರು ಕಳಚಿಹೋಗಿರುವುದುಂಟು. ಪಿನ್ ಮಾಡುವ ಮೊದಲು ಚಿತ್ರದ ಮೂಲಪುಟವನ್ನು ತೆರೆದು, ಮಾಡಿದವರ ಹೆಸರು ಸಿಕ್ಕರೆ ಟಿಪ್ಪಣಿಯಲ್ಲಿ ಬರೆಯಿರಿ. ಸಿಗದಿದ್ದರೆ ಅಂಥವುಗಳಿಗೆ ಪ್ರತ್ಯೇಕ ವಿಭಾಗ ಮಾಡಿ, ಅದರಿಂದ ಮಾರಾಟದ ಕೆಲಸಕ್ಕೆ ಏನನ್ನೂ ತೆಗೆದುಕೊಳ್ಳಬೇಡಿ. ಗಿರಾಕಿಗಳಿಗಾಗಿ ನೀವೇ ರೂಪಿಸುತ್ತಿರುವ ಹೊಸ ನಮೂನೆಗಳನ್ನು ಬೇರೆಯವರಿಗೆ ಕಾಣದ ‘ಸೀಕ್ರೆಟ್’ ಬೋರ್ಡಿನಲ್ಲಿ ಇಟ್ಟು, ಪ್ರತಿಯೊಂದರ ಗ್ರಾಫ್ ಹಾಳೆಯ ಮೇಲೆ ನಿಮ್ಮ ಹೆಸರನ್ನೂ ದಿನಾಂಕವನ್ನೂ ಬರೆದಿಡಿ.